ಕೇಳದೆ ಹೇಳಿದ ವಾಖ್ಖಾ

ಸೆಫ್ಫಾರೀನ್ ಚೌಕದ ಕಂಚುಗಾರರು ಕಿವಿಯಿಂದ ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಬೆಳಗ್ಗೆ ಅಂಗಡಿ ತೆರೆದಾಗಿನಿಂದ ಇಳಿಹೊತ್ತಿನ ಅಸರ್ ನಮಾಜಿನವರೆಗೆ ಮೂವತ್ತು ನಲವತ್ತು ಸುತ್ತಿಗೆಗಳು ತಾಮ್ರದ ಮೇಲೆ ಬೀಳುವ ಜಾಗದಲ್ಲಿ ಕಿವಿಗೆ ಏನು ಕೆಲಸ? ಅವರು ಮಾತನ್ನು ಕಣ್ಣಿನಿಂದ ಕೇಳುತ್ತಿದ್ದರು. ಎದುರಂಗಡಿಯವನ ತುಟಿ ನೋಡಿ, ಅವನು ಚಹಾ ಕೇಳಿದನೋ ಬೈದನೋ ಹೇಳಬಲ್ಲವರಾಗಿದ್ದರು. ತುಟಿ ಕಾಣದಿದ್ದರೆ, ಕಂಡೂ ತಿಳಿಯದಿದ್ದರೆ, ತಲೆಯಾಡಿಸಿ 'ವಾಖ್ಖಾ' ಎಂದುಬಿಡುತ್ತಿದ್ದರು. ಆಗಲಿ, ಸರಿ, ಹಾಗೆಯೇ ಮಾಡೋಣ ಎಂಬುದೆಲ್ಲ ಆ ಒಂದು ಮಾತಿನಲ್ಲಿ ಬಂದುಬಿಡುತ್ತದೆ. ಹೇಳಿದರೆ ಗಿರಾಕಿ ಸಂತೋಷವಾಗಿ ಹೋಗುತ್ತಾನೆ, ಜೊತೆಯವನು ನಗುತ್ತಾನೆ, ಮನೆಯಲ್ಲಿ ಹೆಂಡತಿ ಮಾತು ಮುಗಿಸುತ್ತಾಳೆ. ಹೇಳಿದವನ ಕಿವಿ ಹೋಗಿದೆಯೆಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗುವುದಿಲ್ಲ.

ಬಾ ತೌದಿ ಆ ಚೌಕದಲ್ಲಿ ಐವತ್ತೆರಡು ವರ್ಷ ಕೊಪ್ಪರಿಗೆ ಬಡಿದವನು. ಫೆಸ್ ಊರಿನ ಮದುವೆಗಳಲ್ಲಿ ಕುರಿಮಾಂಸ ಬೇಯುವ ಕೊಪ್ಪರಿಗೆಗಳಲ್ಲಿ ಅರ್ಧಕ್ಕರ್ಧ ಅವನ ಕೈಯವು. 'ಬಾ' ಎಂದರೆ ಅಪ್ಪ. ಮಗಳು ಬತೂಲ್ ಹಾಗೆ ಕರೆದಳು, ಅವಳು ಕರೆಯುವುದನ್ನು ಕೇಳಿ ಹೆಂಡತಿ ತಾಮುವೂ ಹಾಗೆಯೇ ಕರೆದಳು, ಆಮೇಲೆ ಚೌಕವೇ ಹಾಗೆ ಕರೆಯಿತು. ಕೊಪ್ಪರಿಗೆ ಮುಗಿದ ಮೇಲೆ ಅದನ್ನು ಕೊಕ್ಕೆಗೆ ತೂಗಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ನಾದದಿಂದ ತಳದ ಹದ ನೋಡುವುದು ಕಸಬಿನ ರೀತಿ. ಬಾ ತೌದಿ ತಟ್ಟಿದ ಮೇಲೆ ಅಂಗೈಯನ್ನು ತಾಮ್ರದ ಹೊಟ್ಟೆಯ ಮೇಲೆ ಇಡುತ್ತಿದ್ದ. ಗಿರಾಕಿಗಳು ಅವನು ಕೊಪ್ಪರಿಗೆಯನ್ನು ಹರಸುತ್ತಿದ್ದಾನೆಂದು ತಿಳಿದು ತಾವೂ ಆಮೀನ್ ಎನ್ನುತ್ತಿದ್ದರು. ಅವನು ಕೇಳಿಸಿಕೊಳ್ಳುತ್ತಿದ್ದ ಅಷ್ಟೆ. ನಾದ ಅಂಗೈಯಿಂದ ಮೊಣಕೈಗೆ ಏರಿ, ನೀರಿಗೆ ಬಿದ್ದ ಬೆಳಕಿನಂತೆ ನಡುಗಿ, ನಿಧಾನವಾಗಿ ಆರುತ್ತಿತ್ತು. ತಳ ತೆಳುವಾಗಿದ್ದರೆ ಬೇಗ ಆರುತ್ತಿತ್ತು.

ತಾಮು ತೀರಿಕೊಂಡು ಮೂವತ್ತೆಂಟು ದಿನವಾಗಿತ್ತು. ಮೂವತ್ತೆಂಟು ದಿನದಿಂದ ಅವನಿಗೆ ಒಂದೇ ಚಿಂತೆ.

ಅವಳು ಹೋದದ್ದು ನಸುಕಿನ ಫಜರ್ ನಮಾಜಿನ ಮೇಲೆ, ಅಂಗಳದ ಬೆಳಕು ಪರದೆಯ ಅಂಚಿನಿಂದ ಹಾಲಿನಂತೆ ಒಳಗೆ ಸೋರುತ್ತಿದ್ದ ಹೊತ್ತಿನಲ್ಲಿ. ಅವಳ ಮುಖವನ್ನು ನಮಾಜಿನ ದಿಕ್ಕಾದ ಕಿಬ್ಲಾದ ಕಡೆಗೆ ತಿರುಗಿಸಲೆಂದು ಅವನು ಗದ್ದದ ಕೆಳಗೆ ಅಂಗೈ ಇಟ್ಟು ಕೂತಿದ್ದ. ಆಗ ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ತುಟಿ ಕೂಡಿತು, ತೆರೆಯಿತು. ಒಂದೇ ಒಂದು ಅಕ್ಷರ. ಅವನು ಚೌಕದಲ್ಲಿ ತಲೆಯಾಡಿಸುವಂತೆ ತಲೆಯಾಡಿಸಿ, "ವಾಖ್ಖಾ ತಾಮು, ವಾಖ್ಖಾ" ಎಂದ. ಅವಳು ಇನ್ನೂ ಅಷ್ಟು ಹೊತ್ತು ನೋಡುತ್ತಲೇ ಇದ್ದಳು. ಅವನು ಗದ್ದದಿಂದ ಕೈ ತೆಗೆದು, ಕಣ್ಣು ಮುಚ್ಚಿ ಕಲಿಮಾ ಹೇಳಲು ತೊಡಗಿದ. ಕಣ್ಣು ತೆರೆದಾಗ ಬತೂಲ್ ಪಕ್ಕದಲ್ಲಿ ನಿಂತಿದ್ದಳು, ತಾಮು ಇರಲಿಲ್ಲ.

ಮೈ ತೊಳೆಯುವ ಹೆಂಗಸರು ಬಂದು ಅವನನ್ನು ಹೊರಗೆ ಕಳುಹಿಸಿದಾಗ ಕಿಟಕಿಯ ಕಟ್ಟೆಯ ಮೇಲೆ ಒಂದು ಬಟ್ಟಲು ನೀರು ಅವನ ಕಣ್ಣಿಗೆ ಬಿತ್ತು. ಕೈ ಚಾಚಿದರೆ ಎಟುಕುವಷ್ಟು ಹತ್ತಿರ. ಅವಳು 'ಬಾ' ಎಂದು ತನ್ನನ್ನು ಕರೆದಳೋ, 'ಮಾ' ಎಂದಳೋ? 'ಮಾ' ಎಂದರೆ ನೀರು. ಎರಡಕ್ಕೂ ತುಟಿ ಕೂಡುತ್ತದೆ, ಎರಡಕ್ಕೂ ತೆರೆಯುತ್ತದೆ. ಸಾಯುವವರ ಬಾಯಿಗೆ ನೀರು ಬಿಡುವುದು ದೇವರು ಮೆಚ್ಚುವ ಕೊನೆಯ ಉಪಚಾರ. ನಲವತ್ತನಾಲ್ಕು ವರ್ಷ ತನಗೆ ಉಣ್ಣಿಸಿದವಳು ಒಂದು ಹನಿ ನೀರು ಕೇಳಿರಲಾಗಿ, ತಾನು ಆಗಲಿ ಎಂದು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡೆನೇ?

ಯಾರನ್ನಾದರೂ ಕೇಳೋಣವೆಂದರೆ, ಕೇಳುವುದಕ್ಕೆ ಮೊದಲು ನನಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳಬೇಕು. ಅದನ್ನು ಅವನು ಈವರೆಗೆ ಯಾರಿಗೂ ಹೇಳಿದವನಲ್ಲ, ತಾಮುವಿಗೂ ಹೇಳಿರಲಿಲ್ಲ. ಅವಳಿಗೆ ತಿಳಿದೇ ಇದ್ದಿರಬೇಕು. ಮಾತಾಡುವಾಗ ಯಾವಾಗಲೂ ದೀಪದ ಕಡೆಗೆ ಮುಖ ಮಾಡುತ್ತಿದ್ದಳು.

ಕನಸಿನಲ್ಲಿ ಮಾತ್ರ ಅವನ ಕಿವಿ ಎಳೆಯದಾಗಿತ್ತು. ಅಲ್ಲಿ ಚೌಕದ ಕಾರಂಜಿ ಗುಳುಗುಳು ಎನ್ನುತ್ತಿತ್ತು, ಕತ್ತೆಗಳ ಗೊರಸು ಕಲ್ಲಿನ ಮೇಲೆ ಟಕಟಕ ಎನ್ನುತ್ತಿತ್ತು, ಯಾವುದೋ ಮಾಳಿಗೆಯಲ್ಲಿ ಹೆಂಗಸೊಬ್ಬಳು ಜಮಖಾನೆ ಒದರುವ ಸದ್ದೂ ಕೇಳುತ್ತಿತ್ತು. ತಾಮು ಎದುರಿಗೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅವಳು ಮಾತ್ರ ಮಾತಾಡುತ್ತಿರಲಿಲ್ಲ. ಅವನು ತಲೆಯನ್ನು ಮುಂದೆ ಚಾಚಿ ಚಾಚಿ, ಕೊನೆಗೆ ಎಚ್ಚರವಾಗಿ, ಹತ್ತಿಯಲ್ಲಿ ಸುತ್ತಿಟ್ಟಂಥ ನಿಶ್ಶಬ್ದದಲ್ಲಿ ಮಲಗಿರುತ್ತಿದ್ದ.

ಮೂವತ್ತೊಂಬತ್ತನೆಯ ದಿನ ಕಿವಿಯ ಡಾಕ್ಟರಮ್ಮ ಚೌಕಕ್ಕೆ ಬಂದಳು. ಕಸಬುದಾರರ ಸಂಘದವರು ಕರೆಸಿದ್ದರು. ಸಂಘದ ಮಾಳಿಗೆಯ ಕೋಣೆಯಲ್ಲಿ ಮೂರು ದಿನ ಎಲ್ಲರ ಕಿವಿಯನ್ನೂ ನೋಡುತ್ತಾರೆ, ದುಡಿಯುವವರ ಆರೋಗ್ಯಕ್ಕಾಗಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಚೀಟಿಯ ಮುಂದೆ ಕಂಚುಗಾರರೆಲ್ಲ ಗುಂಪುಗೂಡಿದರು. ಅವರಲ್ಲಿ ಹರಿವಾಣ ಮಾಡುವ ಅಲ್ಲಾಲ್ ಎಲ್ಲರಿಗಿಂತ ದೊಡ್ಡ ಬಾಯಿಯವನು. ವಯಸ್ಸು ಐವತ್ತಾಗಿದ್ದರೂ ಬಾ ತೌದಿಯ ಮುಂದೆ ಅವನು ಇನ್ನೂ ಹುಡುಗನೇ.

"ನಮ್ಮ ಆರೋಗ್ಯ ಅಂತೆ! ಕಿವಿ ಹೋಗಿದೆ ಅಂತ ಬರ್ದುಬಿಟ್ರೆ ದೊಡ್ಡ ಸುತ್ತಿಗೆ ಕಿತ್ಕೊಂಡು, ಕೂತ್ಕೊಂಡು ಕಿವಿಯೋಲೆಗೆ ಹೂವು ಕೆತ್ತಪ್ಪ ಅಂತಾರೆ," ಎಂದ ಅಲ್ಲಾಲ್. ಗದ್ದಲದಲ್ಲಿ ಎಲ್ಲರೂ ಅವನ ತುಟಿಯನ್ನೇ ನೋಡುತ್ತಿದ್ದರು.

"ಕಿವುಡನ ಹತ್ರ ಯಾರು ಕೊಪ್ಪರಿಗೆ ಕೊಳ್ತಾರೆ? ನಾದ ಯಾರು ನೋಡ್ತಾರೆ?" ಎಂದ ಇನ್ನೊಬ್ಬ.

"ಅದಕ್ಕೆ ಹೋಗ್ಲೇಬಾರ್ದು."

"ಹೋಗ್ಬೇಕು ಕಣೋ ಮೊದ್ದು! ಹೋಗಿ ಗೆದ್ದು ಬರ್ಬೇಕು," ಎಂದು ಅಲ್ಲಾಲ್ ಕಣ್ಣು ಮಿಟುಕಿಸಿದ. "ಬೆಳಗ್ಗೆ ಅವ್ಳ ಪೆಟ್ಟಿಗೆ ಹೊತ್ಕೊಂಡು ಹೋದವ್ನು ನಾನೇ. ಅದ್ರಲ್ಲಿ ಸದ್ದು ಬಿಟ್ಟಾಗೆಲ್ಲ ಒಂದು ಕೆಂಪು ದೀಪ ಹೊತ್ಕೊಳ್ಳತ್ತೆ. ದೀಪ ಅವ್ಳ ಕಡೆಗಿದೆ, ನಮ್ಗೆ ಕಾಣಲ್ಲ. ಆದ್ರೆ ಅವ್ಳ ಬೆನ್ನ ಹಿಂದಿನ ಗೋಡೆ ಖಾಲಿ ಇತ್ತು. ಪಾಪ, ಬೋಳು ಗೋಡೆ! ನನ್ನ ಅಂಗಡಿಯಿಂದ ಒಂದು ಹರಿವಾಣ ಉಡುಗೊರೆ ಕೊಟ್ಟು ತೂಗುಹಾಕಿ ಬಂದೆ. ಕನ್ನಡಿ ಹಾಗೆ ಹೊಳಪು ಕೊಟ್ಟಿದ್ದು."

ಗುಂಪು ಬಿದ್ದು ಬಿದ್ದು ನಕ್ಕಿತು. ಅಲ್ಲಾಲ್ ಬಾ ತೌದಿಯ ಕಡೆಗೆ ತಿರುಗಿ, ಮೊದಲು ತೋಳು ಮುಟ್ಟಿ, ಆಮೇಲೆ ಮಾತಾಡಿದ. "ಬಾ, ನೀವೂ ಬರ್ತೀರಲ್ಲ? ಹರಿವಾಣದಲ್ಲಿ ದೀಪ ಕಂಡಾಗ ಕೈ ಎತ್ತಿ, ಅಷ್ಟೇ."

"ವಾಖ್ಖಾ," ಎಂದ ಬಾ ತೌದಿ.

ಡಾಕ್ಟರಮ್ಮನ ಹೆಸರು ಇಲ್ಹಾಮ್. ಎಳೆಯ ವಯಸ್ಸು, ತಲೆಗೆ ಬೂದು ಬಣ್ಣದ ಬಟ್ಟೆ, ದಣಿದ ಕಣ್ಣು. ಮಧ್ಯಾಹ್ನದ ಹೊತ್ತಿಗೆ ಅವಳು ಹದಿನೈದು ಕಂಚುಗಾರರನ್ನು ನೋಡಿದ್ದಳು. ಹದಿನೈದು ಜನರ ಕಿವಿಯೂ ಮದುವೆಯಾಗದ ಹುಡುಗರ ಕಿವಿಯಂತೆ ಚುರುಕಾಗಿತ್ತು. ಅವಳು ಪೆಟ್ಟಿಗೆಯನ್ನು ಎರಡು ಸಲ ತಟ್ಟಿ ನೋಡಿದಳು, ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಆಮೇಲೆ ಬಾ ತೌದಿಯನ್ನು ಕೂರಿಸಿ ಕಿವಿಗಳ ಮೇಲೆ ದಪ್ಪ ಮುಚ್ಚಳಗಳನ್ನು ಇಟ್ಟಳು.

ಇದ್ದ ಅಷ್ಟಿಷ್ಟು ಗುಂಯ್‌ಗುಡುವಿಕೆಯೂ ಹೋಗಿ, ಬಾ ತೌದಿ ಹೊಂಡದ ತಳಕ್ಕೆ ಇಳಿದಂತಾಯಿತು. ಎದುರಿನ ಹರಿವಾಣ ಸಂಜೆಯ ಸೂರ್ಯನಂತೆ ಕೆಂಪಗೆ ತೂಗುತ್ತಿತ್ತು. ಅದರೊಳಗೆ ಕಿಟಕಿಯ ಬೆಳಕು, ಡಾಕ್ಟರಮ್ಮನ ಬೆನ್ನು, ತನ್ನ ಬಿಳಿಯ ಗಡ್ಡ. ಸಣ್ಣ ಕಿಡಿ ಹೊತ್ತಿತು. ಅವನು ಕೈ ಎತ್ತಿದ. ಮತ್ತೆ ಹೊತ್ತಿತು, ಮತ್ತೆ ಎತ್ತಿದ. ಡಾಕ್ಟರಮ್ಮ ಸರಿ ಎಂಬಂತೆ ನಕ್ಕಳು. ಆ ನಗು ಕಂಡಾಗ ತಾಮು ಅಷ್ಟು ಹೊತ್ತು ತನ್ನನ್ನು ನೋಡುತ್ತಲೇ ಇದ್ದದ್ದು ಅವನ ಕಣ್ಣಿಗೆ ಕಟ್ಟಿತು. ಅವಳಿಗೂ ಹೀಗೆಯೇ ಕೇಳಿಸಿತೆಂದು ನಟಿಸಿದೆನಲ್ಲ, ಇವಳಿಗೂ ನಟಿಸುತ್ತಿದ್ದೇನಲ್ಲ ಎನ್ನಿಸಿತು. ಮೂರನೆಯ ಸಲ ಕಿಡಿ ಹೊತ್ತಿ ಆರಿತು. ಅವನ ಕೈ ತೊಡೆಯ ಮೇಲೆಯೇ ಉಳಿಯಿತು. ಮುಚ್ಚಳಗಳನ್ನು ತಾನೇ ತೆಗೆದ.

"ನನಗೆ ಏನೂ ಕೇಳ್ಸಲ್ಲ ಮಗಳೇ. ದೀಪ ನೋಡಿ ಕೈ ಎತ್ತಿದ್ದು."

ಅವಳು ಹಿಂದೆ ತಿರುಗಿ ಹರಿವಾಣ ನೋಡಿದಳು, ದೀಪ ನೋಡಿದಳು, ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ ನನ್ನ ಹಣೆಬರಹವೇ! ಉಡುಗೊರೆ ಅಂತ ಅಮ್ಮನಿಗೆ ಫೋನ್ ಮಾಡಿ ಹೇಳ್ಕೊಂಡೆನಲ್ಲ! ಹಾಗಾದ್ರೆ ಆ ಹದಿನೈದು ಜನ?"

"ಅವರ ಮಾತು ಅವರೇ ಹೇಳ್ಲಿ. ನಾನು ನನ್ನದು ಹೇಳಿದೆ."

ನಗು ನಿಂತ ಮೇಲೆ ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಮುಖವನ್ನು ಬೆಳಕಿಗೆ ತಂದು ನಿಧಾನವಾಗಿ ಮಾತಾಡಿದಳು. "ಇದು ವಯಸ್ಸಿಂದ ಬಂದದ್ದಲ್ಲ ಬಾ. ಕೆಲಸದಿಂದ ಬಂದದ್ದು. ಒಂದೊಂದು ಏಟೂ ಒಂದೊಂದು ಚೂರು ತಗೊಂಡು ಹೋಗಿದೆ. ಹೋದದ್ದು ಬರಲ್ಲ, ಉಳಿದದ್ದನ್ನ ಉಳಿಸ್ಬಹುದು. ಕಿವಿಗೆ ಇಟ್ಕೊಳ್ಳೋ ಬಿರಡೆ ಇದೆ, ಸಣ್ಣ ಯಂತ್ರ ಇದೆ. ಸುತ್ತಿಗೆಗೆ ನಡುನಡುವೆ ಬಿಡುವು ಕೊಡ್ಬೇಕು."

"ಅದೆಲ್ಲ ಆಮೇಲೆ," ಎಂದ ಅವನು. "ನಾನು ಒಂದು ಕೇಳ್ಬೇಕು. ತುಟಿ ನೋಡಿ ಮಾತು ತಿಳ್ಕೊಳ್ಳೋದ್ರಲ್ಲಿ ಈ ಚೌಕದಲ್ಲಿ ನನ್ನ ಮೀರ್ಸಿದವರಿಲ್ಲ. ಆದ್ರೂ 'ಬಾ' ಅಂದ್ರೋ 'ಮಾ' ಅಂದ್ರೋ ನನಗೆ ಗೊತ್ತಾಗ್ಲಿಲ್ಲ. ಇನ್ನೂ ಚೆನ್ನಾಗಿ ನೋಡಿದ್ರೆ ಗೊತ್ತಾಗ್ತಿತ್ತಾ?"

ಅವಳು ಆ ಎರಡು ಮಾತನ್ನೂ ತುಟಿಯಲ್ಲಿ ಹೇಳಿ ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ. ಒಂದೇ ಬಾಗಿಲು ಎರಡು ಸಲ ತೆರೆದ ಹಾಗಿತ್ತು.

"ಯಾರಿಗೂ ಗೊತ್ತಾಗಲ್ಲ ಬಾ. ಲೋಕದಲ್ಲಿ ಯಾರ ಕಣ್ಣಿಗೂ ಆಗಲ್ಲ. ಎರಡಕ್ಕೂ ತುಟಿ ಒಂದೇ. 'ಮ' ಅನ್ನುವಾಗ ಮೂಗಿನ ಒಳಗೆ ಗುಂಯ್ ಅನ್ನತ್ತೆ, ಅದೊಂದೇ ವ್ಯತ್ಯಾಸ. ಅದು ಹೊರಗೆ ಕಾಣಲ್ಲ. ಯಾರು ಅಂದದ್ದು?"

ಅವನು ಹೇಳಿದ. ಮೂವತ್ತೊಂಬತ್ತು ದಿನ ಒಳಗೆ ಕೂತಿದ್ದದ್ದು ಕೆಲವೇ ಮಾತಿನಲ್ಲಿ ಮುಗಿದುಹೋಯಿತು. ಡಾಕ್ಟರಮ್ಮ ಅವನ ಕೈಗಳನ್ನು ನೋಡಿದಳು. ಆಮೇಲೆ ಕೇಳಿದಳು, "ಆಗ ನಿಮ್ಮ ಕೈ ಎಲ್ಲಿತ್ತು?"

ಬಾ ತೌದಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಗದ್ದದ ಕೆಳಗೆ ಇತ್ತು. ತಾಮ್ರದ ನಾದವನ್ನು ಇಷ್ಟು ವರ್ಷ ಕೇಳಿದ ಅಂಗೈ.

"ಮನೇಲಿ ಮಗಳಿದ್ದಾಳಾ?" ಎಂದಳು ಡಾಕ್ಟರಮ್ಮ. "ಅವಳ ಗದ್ದಕ್ಕೆ ಕೈ ಇಟ್ಟು ಎರಡೂ ಹೇಳಿಸಿ ನೋಡಿ."

ಬಾ ತೌದಿ ಓಣಿಗಳನ್ನು ಹೇಗೆ ದಾಟಿದನೋ ಅವನಿಗೇ ತಿಳಿಯದು. ಜನ ಅವನ ಪಕ್ಕದಲ್ಲಿ ಮೀನುಗಳಂತೆ ಸರಿದುಹೋದರು. ಪಕ್ಕದ ಓಣಿಗೆ ಸೊಸೆಯಾಗಿ ಹೋಗಿದ್ದ ಬತೂಲ್, ನಾಳೆ ನಲವತ್ತನೆಯ ದಿನದ ಊಟಕ್ಕೆಂದು ತವರಿನ ಅಂಗಳದಲ್ಲಿ ಕೂತು ರೊಟ್ಟಿಯ ಹಿಟ್ಟು ನಾದುತ್ತಿದ್ದಳು.

"ಮಗಳೇ, ಇತ್ತ ತಿರುಗು. ಮುಖ ಕೊಡು."

"ಏನ್ ಬಾ, ಕೈಯೆಲ್ಲ ಹಿಟ್ಟು…"

"ಮುಖ ಕೊಡು ಅಂದೆ, ಕೈಯಲ್ಲ." ಅವನು ಅವಳ ಗದ್ದದ ಕೆಳಗೆ ಅಂಗೈ ಇಟ್ಟ. "'ಬಾ' ಅನ್ನು. ಮೆಲ್ಲಗೆ. ಕಾಯಿಲೆಯವರು ಅಂದ ಹಾಗೆ."

ಅವಳಿಗೆ ಗಾಬರಿಯಾಯಿತು. ಆದರೂ ಅಂದಳು. ಅಂಗೈಗೆ ಮೆತ್ತಗೆ ಒಂದು ತಟ್ಟು, ಅಷ್ಟೆ.

"ಈಗ 'ಮಾ' ಅನ್ನು."

ಬಾಯಿ ತೆರೆಯುವ ಮೊದಲೇ ಅಂಗೈಯಲ್ಲಿ ಜೇನುನೊಣವೊಂದು ಗುಂಯ್ ಎಂದು ನಡುಗಿತು. ಅವನು ಕಣ್ಣು ಮುಚ್ಚಿಕೊಂಡ. "ನಿನಗೆ ಬೇಕಾದ್ದು ಯಾವ್ದಾದ್ರೂ ಅನ್ನು, ನನಗೆ ಹೇಳ್ಬೇಡ," ಎಂದ. ಅವಳು ಅಂದಳು. ಅವನು ಗುರುತಿಸಿದ. ಮತ್ತೆ ಅಂದಳು, ಮತ್ತೆ ಗುರುತಿಸಿದ. ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡೇ ಆ ಬೆಳಗಿಗೆ ಹೋದ. ಪರದೆಯ ಅಂಚಿನ ಹಾಲು ಬೆಳಕು, ಒಣಗಿದ ಚರ್ಮದ ಬಿಸುಪು, ಗದ್ದದ ಸಣ್ಣ ಮೂಳೆ. ಕೈ ನೆನಪಿಟ್ಟಿತ್ತು. ಜೇನುನೊಣ ಅಲ್ಲಿಯೂ ಇತ್ತು.

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ನೀರು ಕೇಳಿದ್ಲು," ಎಂದ. "ನಿಮ್ಮಮ್ಮ ನನ್ನ ಹತ್ರ ನೀರು ಕೇಳಿದ್ಲು ಬತೂಲ್. ನನಗೆ ಕೇಳಿಸ್ಲಿಲ್ಲ. ನನಗೆ ಯಾರ ಮಾತೂ ಕೇಳ್ಸಲ್ಲ, ಎಷ್ಟೋ ವರ್ಷದಿಂದ ಕೇಳ್ಸಲ್ಲ. ನಾನು ವಾಖ್ಖಾ ಅಂದೆ. ಬಟ್ಟಲು ಅಲ್ಲೇ ಇತ್ತು, ನಾನು ಕೊಡ್ಲಿಲ್ಲ. ದೇವರ ಮುಂದೆ ಅವಳ ಮುಖ ಹೇಗೆ ನೋಡ್ಲಿ?"

ಬತೂಲ್ ಹಿಟ್ಟಿನ ಕೈಯಲ್ಲೇ ಬಂದು ಅವನ ಎದುರು ಮಂಡಿಯೂರಿ ಕೂತಳು. ಅವನ ಮುಖವನ್ನು ಎತ್ತಿ ತನ್ನ ತುಟಿ ಕಾಣುವಂತೆ ಮಾಡಿದಳು.

"ಹೌದು, ನೀರು ಕೇಳಿದ್ಲು. ನಾನು ಹೊಸಿಲಲ್ಲೇ ಇದ್ದೆ, ನಿಮ್ಮ ಬೆನ್ನ ಹಿಂದೆ. ನೀವು ವಾಖ್ಖಾ ಅಂದ್ರಿ. ಎರಡನೇ ಸಲ ಅಂದದ್ದು, ಕೊಡಮ್ಮ ಅಂತ ನನಗೇ ಅಂದ್ಕೊಂಡೆ! ಬಟ್ಟಲಲ್ಲಿ ಹತ್ತಿ ಅದ್ದಿ ಅಮ್ಮನ ಬಾಯಿಗೆ ಹಿಂಡಿದೆ. ಮೂರು ಸಲ. ನಿಮ್ಮ ಕಣ್ಣು ಮುಚ್ಚಿತ್ತು, ಕಲಿಮಾ ಹೇಳ್ತಿದ್ರಿ. ಅಮ್ಮ ನುಂಗಿದ್ಲು ಬಾ. ನುಂಗಿ, ನಿಮ್ಮನ್ನ ನೋಡಿ, ಆಮೇಲೆ ಹೋದ್ಲು."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. "ಇನ್ನೊಂದು ಸಲ ಹೇಳು," ಎಂದ.

ಅವಳು ಇನ್ನೊಂದು ಸಲ ಹೇಳಿದಳು. ಆಮೇಲೆ ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದುವು. "ಇಷ್ಟು ದಿನ ಇದನ್ನ ಹೊತ್ಕೊಂಡು ತಿರುಗಿದ್ರಾ? ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಕೂಗಿ ಕೂಗಿ ನನ್ನ ಗಂಟಲು ಹರಿದಿದೆ, ನಿಮಗೆ ಕೇಳ್ಸಲ್ಲ ಅಂತ ನನಗೆ ಗೊತ್ತಿಲ್ವಾ? ಈ ಓಣಿ ಬೆಕ್ಕಿಗೂ ಗೊತ್ತು!"

"ನನಗೆ ಗೊತ್ತಿರ್ಲಿಲ್ಲ, ನಿನಗೆ ಗೊತ್ತು ಅಂತ," ಎಂದ ಬಾ ತೌದಿ. ಅವನ ಗಡ್ಡ ಒದ್ದೆಯಾಗಿತ್ತು. ಮಗಳ ಕೈಯ ಹಿಟ್ಟು ಅದಕ್ಕೆ ಅಂಟಿತ್ತು. ಅಂಗಳದ ಮೇಲಿನ ಆಕಾಶ ತೊಳೆದಿಟ್ಟ ಬಟ್ಟಲಿನಂತೆ ಕಂಡಿತು. ಎಷ್ಟೋ ಹೊತ್ತು ಅವನು ಅದನ್ನೇ ನೋಡುತ್ತ, ದೇವರ ಹೆಸರು ಹೇಳುತ್ತ ಕೂತಿದ್ದ. ಒಂದು ಹನಿ ನೀರು ತನ್ನ ಪೆದ್ದುತನವನ್ನು ಬಳಸಿಕೊಂಡೇ ಅವಳ ಬಾಯಿಗೆ ದಾರಿ ಮಾಡಿಕೊಂಡು ಹೋಗಿತ್ತು. ಹಾಗೆ ಮಾಡಿಸಿದವನಿಗೆ ಏನೆಂದು ಶುಕ್ರ್ ಹೇಳಿ ವಂದಿಸುವುದು?

ಸಂಜೆಯ ಮಗ್ರಿಬ್ ನಮಾಜಿಗೆ ಅವನು ಓಣಿಯ ಚಿಕ್ಕ ಮಸೀದಿಗೆ ಹೋದ. ಎಂದಿನಂತೆ ಎರಡನೆಯ ಸಾಲಿನಲ್ಲಿ ಕಂಚುಗಾರರು ಭುಜಕ್ಕೆ ಭುಜ ಸೇರಿಸಿ ನಿಂತಿದ್ದರು. ಇಮಾಮರು ಇನ್ನೂ ಮುಂದಕ್ಕೆ ಬಂದಿರಲಿಲ್ಲ. ಬಾ ತೌದಿ ಬಲಗಡೆ ನಿಂತಿದ್ದ ಅಲ್ಲಾಲನ ತೋಳು ಮುಟ್ಟಿದ.

"ಅಲ್ಲಾಲ್, ನನಗೆ ಕಿವಿ ಕೇಳ್ಸಲ್ಲ. ಇಮಾಮರು 'ಅಲ್ಲಾಹು ಅಕ್ಬರ್' ಅಂತ ತಕ್ಬೀರ್ ಹೇಳೋದು ಕೇಳಿಸಿ ವರ್ಷಗಳಾದ್ವು. ಅವ್ರು ರುಕೂಗೆ ಬಗ್ಗಿದಾಗ ನನ್ನ ಮೊಣಕೈ ಮುಟ್ಟು. ಇಷ್ಟು ದಿನ ನಿನ್ನ ನೆರಳು ನೋಡಿ ಬಗ್ತಿದ್ದೆ."

ಅಲ್ಲಾಲ್ ಬಾಯಿ ತೆರೆದು ನಿಂತ. ಏನೋ ತಮಾಷೆ ಬರುತ್ತದೆ ಎಂದು ಬಾ ತೌದಿ ಕಾದ. ಬರಲಿಲ್ಲ.

"ಬಾ," ಎಂದ ಅಲ್ಲಾಲ್, ತುಟಿ ಚೆನ್ನಾಗಿ ಕಾಣುವಂತೆ. "ನಾನು ನಿಮ್ಮ ನೆರಳು ನೋಡಿ ಬಗ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಲ್ಲಾಲನ ಆಚೆಗಿದ್ದವನು, ಅವನಾಚೆಗಿದ್ದವನು, ಎಲ್ಲರೂ ಕಣ್ಣಿನಿಂದ ಆ ಮಾತು ಕೇಳಿಸಿಕೊಂಡಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ತಲೆ ತಗ್ಗಿಸಿದರು. ಹಿಂದಿನ ಸಾಲಿನಲ್ಲಿ ಆಲಿವ್ ಎಣ್ಣೆ ಮಾರುವ ಹ್ಮಾದ್ ಇದ್ದ. ಅವನ ಅಂಗಡಿ ಚೌಕದಿಂದ ದೂರ, ಅವನ ಕಿವಿ ಚುರುಕು.

"ಅದಕ್ಕೇ ನೋಡು, ನಿಮ್ಮ ಸಾಲು ಯಾವಾಗ್ಲೂ ಒಂದು ಉಸಿರು ಹಿಂದೆ! ನಾನು ಭಕ್ತಿ ಜಾಸ್ತಿ ಅಂದ್ಕೊಂಡಿದ್ದೆ," ಎಂದ ಹ್ಮಾದ್.

ಅವನನ್ನು ಕೈ ಹಿಡಿದು ಮುಂದಕ್ಕೆ ಎಳೆದು, ಸಾಲಿನ ನಡುವೆ ಜಾಗ ಮಾಡಿ ನಿಲ್ಲಿಸಿಕೊಂಡರು. ಅಲ್ಲಾಲ್ ಬಾ ತೌದಿಯ ಕಿವಿಯ ಹತ್ತಿರ ಬಾಗಿದವನು, ನೆನಪಾಗಿ ಮುಖದ ಎದುರಿಗೆ ಬಂದ. "ನನ್ನ ಚಿಕ್ಕ ಮಗಳು ಈಗ ಮಾತು ಕಲೀತಿದ್ದಾಳೆ, ಬಾ. ಬೆಳಗ್ಗೆ ನನ್ನನ್ನೂ ಆ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗಿ. ಒಬ್ನೇ ಹೋಗಕ್ಕೆ ನಾಚಿಕೆ ಆಗತ್ತೆ."

ಬಾ ತೌದಿ ಈ ಸಲ ಅವಸರ ಮಾಡಲಿಲ್ಲ. ಅಲ್ಲಾಲ್ ಹೇಳಿದ್ದೇನೆಂದು ಪೂರ್ತಿ ತಿಳಿದುಕೊಂಡು, ಆಮೇಲೆ "ಕರ್ಕೊಂಡು ಹೋಗ್ತೀನಿ" ಎಂದ.

ಇಮಾಮರು ಮುಂದಕ್ಕೆ ಬಂದು ನಿಂತರು. ತಕ್ಬೀರ್ ಕಿವಿಗೆ ಬಿದ್ದೊಡನೆ ಹ್ಮಾದ್ ಎಡಗಡೆಯವನ ಮೊಣಕೈಯನ್ನೂ ಬಲಗಡೆಯವನ ಮೊಣಕೈಯನ್ನೂ ಮೆಲ್ಲಗೆ ಮುಟ್ಟಿದ, ಅವರು ಪಕ್ಕದವರನ್ನು ಮುಟ್ಟಿದರು, ಮುಟ್ಟು ಸಾಲಿನ ಎರಡೂ ತುದಿಗೆ ಹರಿದುಹೋಯಿತು, ಮತ್ತು ಕಂಚುಗಾರರೆಲ್ಲ ಒಟ್ಟಿಗೆ ಕೈ ಎತ್ತಿದರು.